ಮನೆಮಾತಿನಲ್ಲಿ ಒಂದು ಪಾಟು

ತಮಿಳುನಾಡಿನ ತೇನಿ ಕಡೆಯ ಕೊಂಬೈ ಊರಿನ ಮುತ್ತಯ್ಯನ ಜೀಪು ದೂರದಲ್ಲಿ ಬರುತ್ತಿದ್ದರೆ ಮೊದಲು ಕೇಳಿಸುತ್ತಿದ್ದದ್ದು ಎಂಜಿನ್ನಿನ ಸದ್ದಲ್ಲ, ಹಾಡು. ಬೆಳಿಗ್ಗೆ ಏಲಕ್ಕಿ ತೋಟದ ಕೆಲಸಕ್ಕೆ ಹೋಗುವ ಹೆಂಗಸರನ್ನು ತುಂಬಿಕೊಂಡು ಬೋಡಿಮೆಟ್ಟಿನ ಘಾಟಿ ಹತ್ತುವುದು, ಸಂಜೆ ಅವರನ್ನೇ ಇಳಿಸಿಕೊಂಡು ಬರುವುದು, ಇದು ಅವನ ಕೆಲಸ. ಬೋಡಿ ಊರು ದಾಟುವವರೆಗೂ ಮುರುಗನ ಹಾಡು. ತಿರುವುಗಳು ಶುರುವಾದ ಮೇಲೆ ಹಳೆಯ ಸಿನಿಮಾದ ಇಂಪಾದ ಹಾಡು. ಮೇಲೆ ಕೇರಳ ಗಡಿಯ ಚೆಕ್‌ಪೋಸ್ಟಿನ ಹತ್ತಿರ ಮಲಯಾಳಂ ರೇಡಿಯೋ ತಾನಾಗಿಯೇ ಹತ್ತಿಕೊಳ್ಳುತ್ತಿತ್ತು, ಅದಕ್ಕೂ ಅವನ ಅಡ್ಡಿ ಇರಲಿಲ್ಲ. ಇಳಿಯುವಾಗ ಮಾತ್ರ ತಮಿಳರು ಕುತ್ತು ಎನ್ನುವ ಕುಣಿತದ ಹಾಡುಗಳೇ ಆಗಬೇಕು. ದಣಿದ ಹೆಂಗಸರು ತೂಕಡಿಸಿ ಹಿಂದಿನ ಬಾಗಿಲಿನಿಂದ ಉರುಳಿಬಿಟ್ಟಾರು ಎಂಬ ಭಯ ಅವನಿಗೆ.

ಅವನು ಸ್ವತಃ ಹಾಡಿದವನಲ್ಲ. ‘ದೇವ್ರು ನಂಗೆ ಗಂಟ್ಲು ಕೊಡ್ಲಿಲ್ಲ, ಕಿವಿ ಕೊಟ್ಟ’ ಎನ್ನುತ್ತಿದ್ದ. ಹುಡುಗನಾಗಿದ್ದಾಗ ಕಂಬಂ ಕಣಿವೆಯಲ್ಲಿ ಎಲ್ಲಿ ಸಂಗೀತ ಕಚೇರಿ ನಡೆದರೂ ಅಲ್ಲಿರುತ್ತಿದ್ದ. ಸಿನಿಮಾ ಹಾಡು ಹಾಡುವ ವಾದ್ಯಮೇಳಗಳ ಹಿಂದೆ ಸೈಕಲ್ಲಿನಲ್ಲಿ ಊರೂರು ಅಲೆದಿದ್ದಾನೆ. ಕಂಬಂನಲ್ಲಿ ಸಾಯಿಬರ ದರ್ಗಾದ ಮುಂದೆ ದಫು ಬಾರಿಸಿಕೊಂಡು ಹಾಡುವವರನ್ನು ಕೇಳಿ ಕಣ್ಣೀರು ಹಾಕಿದ್ದಾನೆ. ದಿಂಡಿಗಲ್ಲಿನ ಚರ್ಚಿನ ಹಬ್ಬದಲ್ಲಿ ಹಿತ್ತಾಳೆ ಕಹಳೆಯವರ ಪಕ್ಕದಲ್ಲೇ ಬೀದಿ ಬೀದಿ ನಡೆದಿದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ ಹೇಳಿಕೊಳ್ಳುತ್ತಿದ್ದದ್ದು ಉತ್ತಮಪಾಳಯದ ಒಂದು ನಾಗಸ್ವರದ ಕಚೇರಿಯನ್ನು. ನಡುವೆ ಮಳೆ ಬಂದು ಕರೆಂಟು ಹೋಯಿತು. ಜನ ಚದುರಿದರು. ಆ ವಿದ್ವಾಂಸ ಚಪ್ಪರದ ವೇದಿಕೆಯಿಂದ ಇಳಿದು ಬಂದು, ಜವಳಿ ಅಂಗಡಿಯ ಮಾಡಿನ ಕೆಳಗೆ, ಮಳೆಗೆ ನಿಂತಿದ್ದ ಹತ್ತಾರು ಜನರ ನಡುವೆಯೇ ಬಿಟ್ಟ ರಾಗವನ್ನು ಮುಂದುವರಿಸಿದನಂತೆ. ‘ಅವ್ರ ಉಸ್ರು ನನ್ ಮೊಕಕ್ಕೆ ಬಡೀತಿತ್ತು’ ಎನ್ನುವಾಗ ಮುತ್ತಯ್ಯ ಕೆನ್ನೆ ಮುಟ್ಟಿಕೊಳ್ಳುತ್ತಿದ್ದ.

ಅವನ ಮನೆಯಲ್ಲಿ ಆಡುವುದು ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದವರು ಎಂಬುದಷ್ಟೇ ಗೊತ್ತು. ಹೊಸ್ತಿಲು ದಾಟಿದರೆ ತಮಿಳು. ಆದ್ದರಿಂದ ಪಾಟು, ಅಂದರೆ ಹಾಡು, ತಮಿಳಿನಲ್ಲಿರುವುದೇ ಸಹಜ ಎಂದು ಮನೆಯವರೆಲ್ಲ ತಿಳಿದಿದ್ದರು. ಹೆಂಡತಿ ಜೆಯಲಕ್ಷ್ಮಿ ಅವನ ಜೀಪಿನಲ್ಲೇ ತೋಟಕ್ಕೆ ಹೋಗುವವಳು. ಅವರಿಗೆ ಒಬ್ಬಳೇ ಮಗಳು, ಪಾಂಡೀಶ್ವರಿ. ಅಪ್ಪ ಅಮ್ಮ ಇಬ್ಬರೂ ಬೆಟ್ಟದ ಮೇಲಿದ್ದ ಆ ವರ್ಷಗಳಲ್ಲಿ ಅವಳನ್ನು ನೋಡಿಕೊಂಡವಳು ಮುತ್ತಯ್ಯನ ತಾಯಿ ಅಳಗಮ್ಮಾಳ್, ಹುಡುಗಿಯ ಬಾಯಲ್ಲಿ ‘ಪಾಟಿ’. ಶಾಲೆಗೆ ರಜೆ ಇದ್ದಾಗ ಮಾತ್ರ ಹುಡುಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಘಾಟಿ ಹತ್ತುತ್ತಿದ್ದಳು. ಯಾವ ತಿರುವಿನಲ್ಲಿ ಯಾವ ಹಾಡು ಬರುತ್ತದೆ ಎಂಬುದು ಅವಳಿಗೆ ಬಾಯಿಪಾಠ.

ಪಾಂಡೀಶ್ವರಿ ದಿಂಡಿಗಲ್ಲಿನಲ್ಲಿ ಕಾಲೇಜು ಸೇರಿದ ಎರಡನೇ ವರ್ಷ ಒಂದು ಬ್ಯಾಂಡಿಗೆ ಸೇರಿದಳು. ‘ಕಾತ್ತುವಳಿ’ ಎಂದು ಅದರ ಹೆಸರು, ಗಾಳಿಯ ದಾರಿ ಎಂದರ್ಥ. ಮನೋಜ್‌ಕುಮಾರ್ ಎಂಬ ವೇದಸಂದೂರಿನ ಹುಡುಗ ಹಾಡುತ್ತಿದ್ದ. ಇವಳದು ಬೇಸ್ ಗಿಟಾರ್. ಜೆಯಲಕ್ಷ್ಮಿಗೆ ಅದು ಒಂದಿಷ್ಟೂ ಹಿಡಿಸಲಿಲ್ಲ. ಮುತ್ತಯ್ಯ ಮಾತ್ರ ಜೀಪಿಗೆ ರಜೆ ಹೇಳಿ ಮೊದಲ ಕಚೇರಿಗೆ ಹೋದ. ಅಷ್ಟು ಜೋರಾದ ಸಂಗೀತವನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಡ್ರಮ್ಮು ಕೇಳಿಸಿತು, ಹುಡುಗನ ಕೂಗು ಕೇಳಿಸಿತು, ಮಗಳದ್ದು ಮಾತ್ರ ಏನೂ ಗೊತ್ತಾಗಲಿಲ್ಲ. ಮುಗಿದ ಮೇಲೆ ಸಂಕೋಚದಿಂದಲೇ ಕೇಳಿದ:

“ಅದ್ರಾಗೆ ನಿನ್ ಸದ್ದು ಯಾವ್ದಮ್ಮಾ? ನಂಗೆ ಪುರೀಲೇ ಇಲ್ಲ, ತಿಳೀಲೇ ಇಲ್ಲ.”

ಪಾಂಡೀಶ್ವರಿ ನಕ್ಕು ಅವನನ್ನು ವೇದಿಕೆಯ ಪಕ್ಕಕ್ಕೆ ಕರೆದೊಯ್ದಳು. ಅವನ ಅಂಗೈಯನ್ನು ಸ್ಪೀಕರಿನ ದೊಡ್ಡ ಪೆಟ್ಟಿಗೆಯ ಮೇಲಿಟ್ಟು ಒಂದು ತಂತಿ ಮೀಟಿದಳು. ಮರ ಅದುರಿತು. ಮೊಣಕೈಯವರೆಗೂ ಅದುರು ಏರಿ ಬಂತು.

“ಕಿವಿಲಿ ತೇಡಬ್ಯಾಡಪ್ಪಾ, ಕೈಲಿ ನೋಡು. ಇದೇ ನಾನು.”

ಅಂದಿನಿಂದ ಜೀಪಿನಲ್ಲಿ ಇಂಗ್ಲಿಷಿನ ರಾಕ್ ಹಾಡುಗಳೂ ಸೇರಿಕೊಂಡವು. ಮಗಳು ಪೆನ್‌ಡ್ರೈವಿಗೆ ಹಾಕಿಕೊಡುವಳು, ಮುತ್ತಯ್ಯ ತಳದಲ್ಲಿ ಓಡುವ ಆ ದಪ್ಪ ಸದ್ದನ್ನು ಹಿಡಿಯಲು ತಲೆ ವಾಲಿಸಿ ಕೇಳುವನು. ಹಿಂದಿನ ಸೀಟಿನಿಂದ ಗೋವಿಂದಮ್ಮಾಳ್ ಎಂಬ ಹಿರಿಯಳು ರೇಗಿಸುತ್ತಿದ್ದಳು: “ಏನ್ ಮುತ್ತಣ್ಣಾ, ಇದು ಪಾಟಾ, ಇಲ್ಲ ನಿನ್ ಜೀಪೇ ಕೆಟ್ಟೋಗೈತಾ?” ಜೀಪೆಲ್ಲ ನಗುತ್ತಿತ್ತು. ಜೆಯಲಕ್ಷ್ಮಿಯೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಓದು ಮುಗಿಸಿ ದಿಂಡಿಗಲ್ಲಿನ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಪಾಂಡೀಶ್ವರಿ ಬ್ಯಾಂಡು ಬಿಡಲಿಲ್ಲ. ಒಂದು ಪೊಂಗಲ್ ಹಬ್ಬಕ್ಕೆ ಮನೆಗೆ ಬಂದವಳು ಅಜ್ಜಿಯ ಪಕ್ಕ ಕೂತು, ನಮ್ಮ ಮನೆಮಾತಿನಲ್ಲಿ ಒಂದು ಹಾಡು ಕಟ್ಟುತ್ತೇನೆ, ಪದ ಹೇಳಿಕೊಡು ಎಂದಳು. ಅವಳಿಗೆ ಆ ಮಾತು ಅರ್ಥವಾಗುತ್ತಿತ್ತೇ ಹೊರತು ಬಾಯಲ್ಲಿ ಅರ್ಧಕ್ಕರ್ಧ ತಮಿಳೇ ಬರುತ್ತಿತ್ತು.

ಅಳಗಮ್ಮಾಳಿಗೆ ನಗು ತಡೆಯಲಾಗಲಿಲ್ಲ. “ನಮ್ ಪೇಚ್ನಾಗೆ ಪಾಟಾ? ಯಾರಿಗೆ ಪುರೀತದೆ ಅದು?”

“ಪುರೀದಿದ್ರೆ ಇರ್ಲಿ ಪಾಟೀ. ನೀ ಪದ ಏಳು.”

ಮೂರು ದಿನದ ಹಬ್ಬ ಮುಗಿಯುವಷ್ಟರಲ್ಲಿ ಹಾಡು ಆಯಿತು. ಆ ಬೇಸಿಗೆಯಲ್ಲಿ ದಿಂಡಿಗಲ್ಲಿನ ಒಂದು ಸಣ್ಣ ಸಭಾಂಗಣದಲ್ಲಿ ಪಾಂಡೀಶ್ವರಿ ಮೊದಲ ಬಾರಿಗೆ ತಾನೇ ಮೈಕಿನ ಮುಂದೆ ನಿಂತು ಹಾಡಿದಳು. ಅವಳ ದನಿ ದೊಡ್ಡದೇನಲ್ಲ. ಡ್ರಮ್ಮಿನ ನಡುವೆ ಅರ್ಧ ಪದಗಳು ಮುಳುಗಿಹೋದವು. ಮುತ್ತಯ್ಯ ಹಿಂದಿನ ಸಾಲಿನಲ್ಲಿ ನಿಂತು ಕೇಳಿದ. ಮನೆಯ ಅಡುಗೆಕೋಣೆಯಲ್ಲಿ ಆಡುವ ಮಾತು ಮೈಕಿನಲ್ಲಿ ಬರುತ್ತಿರುವುದನ್ನು ಕೇಳಿ ಅವನಿಗೆ ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು. ಏಲಕ್ಕಿ ತೋಟದಲ್ಲಿ ಕಳೆ ಕೀಳುವ ಕಾಲ, ಜೆಯಲಕ್ಷ್ಮಿಗೆ ಬರಲಾಗಿರಲಿಲ್ಲ. “ಪಾಟ್ನಾಗೆ ಏನೈತೇಂತ ಅಮ್ಮಂಗೆ ಏಳಬ್ಯಾಡಪ್ಪಾ. ಮುಂದಿನ್ ಕಚೇರಿಗೆ ಕರ್ಕೊಂಡ್ ಬಾ. ಅವ್ಳೇ ಕೇಳ್ಲಿ” ಎಂದಳು ಪಾಂಡೀಶ್ವರಿ.

ಮುಂದಿನ ಕಚೇರಿಗೆ ಅವಳಿರಲಿಲ್ಲ. ದೀಪಾವಳಿ ಮುಗಿದ ವಾರ ಜ್ವರವೆಂದು ಊರಿಗೆ ಬಂದಳು. ಮಳೆಗಾಲದ ಜ್ವರ, ಎರಡು ದಿನದಲ್ಲಿ ಹೋಗುತ್ತದೆ ಎಂದುಕೊಂಡರು. ಡೆಂಗಿ ಎಂದು ಗೊತ್ತಾಗಿ ತೇನಿಯ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಒಸಡಿನಲ್ಲಿ ರಕ್ತ ಬರುತ್ತಿತ್ತು. ಡಾಕ್ಟರುಗಳು ಮಾಡಬೇಕಾದ್ದನ್ನೆಲ್ಲ ಮಾಡಿದರು. ದಿಂಡಿಗಲ್ಲಿನಿಂದ ಬ್ಯಾಂಡಿನ ಹುಡುಗರು ಬಂದು ಸಾಲಾಗಿ ನಿಂತು ರಕ್ತ ಕೊಟ್ಟರು. ಅವಳು ಉಳಿಯಲಿಲ್ಲ. ಇಪ್ಪತ್ತಾರು ವರ್ಷ.

ಆ ಕಡೆ ಸಾವಿನ ಮನೆಯ ಮುಂದೆ ತಪ್ಪಟೆ ಬಾರಿಸುತ್ತಾರೆ, ಹೆಂಗಸರು ಸುತ್ತ ಕೂತು ಒಪ್ಪಾರಿ ಎಂಬ ಶೋಕದ ಹಾಡು ಹೇಳಿ ಅಳುತ್ತಾರೆ. ತಪ್ಪಟೆಯವರು ಬಂದು ಬೆಂಕಿಯಲ್ಲಿ ಚರ್ಮ ಕಾಯಿಸುತ್ತಿದ್ದಾಗ ಮುತ್ತಯ್ಯ ಎದ್ದು ಹೋಗಿ ಕೈ ಮುಗಿದ. “ಬ್ಯಾಡಪ್ಪಾ. ಒಂದ್ ಪೆಟ್ಟೂ ಬ್ಯಾಡ.” ಊರಿನಲ್ಲಿ ಯಾವ ತಪ್ಪಟೆ ಕೇಳಿದರೂ ಕಾಲು ಕುಣಿಸುತ್ತಿದ್ದ ಮನುಷ್ಯ ಅವನು. ಅವರು ತಪ್ಪಟೆ ಎತ್ತಿಕೊಂಡು ಹೋದರು. ಅಳಗಮ್ಮಾಳ್ ಒಪ್ಪಾರಿಯ ಮೊದಲ ಸಾಲು ಎತ್ತಿಕೊಂಡು, ಮುಂದೆ ಪದ ಬಾರದೆ ಎದೆ ಹೊಡೆದುಕೊಂಡಳು. ಜೆಯಲಕ್ಷ್ಮಿ ಅಳಲಿಲ್ಲ. ಮಗಳ ಕಾಲಿನ ಹತ್ತಿರ ಕೂತು, ಹೊದಿಸಿದ್ದ ಬಟ್ಟೆಯ ಅಂಚನ್ನು ಸರಿಮಾಡುತ್ತಲೇ ಇದ್ದಳು.

ಕೆಲಸಕ್ಕೆ ಮರಳಿದ ಮೊದಲ ದಿನ ಮುತ್ತಯ್ಯ ಜೀಪಿನ ಹಾಡಿನ ಪೆಟ್ಟಿಗೆಯನ್ನು ಕಿತ್ತು ತೆಗೆದ. ತಂತಿಗಳು ಜೋತಾಡುತ್ತಿದ್ದವು. ಹತ್ತುವಾಗಲೂ ಇಳಿಯುವಾಗಲೂ ಎಂಜಿನ್ನಿನ ಸದ್ದೊಂದೇ. ಜೆಯಲಕ್ಷ್ಮಿ ಹೆಂಗಸರ ನಡುವೆ ಮೊದಲಿನ ಜಾಗದಲ್ಲೇ ಕೂತು ಹೊರಗೆ ನೋಡುತ್ತಿದ್ದಳು.

ವರ್ಷ ತುಂಬುವ ಹೊತ್ತಿಗೆ ಒಂದು ಭಾನುವಾರ ಮನೋಜ್‌ಕುಮಾರ್ ಕೊಂಬೈಗೆ ಬಂದ. ತಲೆಬಾಗಿಲಲ್ಲೇ ನಿಂತು ತಮಿಳಿನಲ್ಲಿ ಹೇಳಿದ: “ಅಪ್ಪಾ, ಅವಳ ನೆನಪಿಗೆ ಒಂದು ಕಚೇರಿ ಇಟ್ಟಿದ್ದೀವಿ. ಅವಳ ಹಾಡನ್ನು ನಾನು ಹಾಡಬೇಕು ಅಂತಿದ್ದೀನಿ. ರಾಗ ಗೊತ್ತು, ಮಾತು ಗೊತ್ತಿಲ್ಲ. ಅವತ್ತು ಫೋನಿನಲ್ಲಿ ಹಿಡಿದದ್ದರಲ್ಲಿ ಡ್ರಮ್ಮು ಬಿಟ್ಟು ಬೇರೇನೂ ಕೇಳಿಸ್ತಿಲ್ಲ. ನೀವು ಬೇಡ ಅಂದ್ರೆ ಬಿಟ್ಟುಬಿಡ್ತೀನಿ.”

ಬೇಡ ಎನ್ನಬೇಕೆಂದೇ ಮುತ್ತಯ್ಯ ಬಾಯಿ ತೆರೆದ. ಅಷ್ಟರಲ್ಲಿ ಜಗುಲಿಯ ಮೂಲೆಯಿಂದ ಅಳಗಮ್ಮಾಳ್, “ಕೂತ್ಕೊಳಪ್ಪಾ. ನಾ ಏಳ್ತೀನಿ” ಎಂದಳು. ಜೆಯಲಕ್ಷ್ಮಿ ಎದ್ದು ಅಡುಗೆಕೋಣೆಗೆ ಹೋದಳು.

ಮುದುಕಿ ಒಂದೊಂದೇ ಸಾಲು ಹೇಳಿದಳು, ಹುಡುಗ ತಿರುಗಿ ಹೇಳಿದ.

ಮೆಟ್ಟು ಹತ್ತಿದ್ ಜೀಪು ತಿರುಗಿಲ್ಲ ಇನ್ನೂವೆ,
ಮಂಜು ಇಳೀತೈತೆ ಮರದ ಮ್ಯಾಲೆ.
ಅನ್ನ ಆರೋಯ್ತು, ಬಾಗ್ಲು ತೆಗ್ದೈತೆ…

ಮನೋಜನ ನಾಲಿಗೆಯಲ್ಲಿ ಬಾಗ್ಲು ಎಂಬುದು ‘ಪಾಗಲು’ ಆಯಿತು. ತಮಿಳಿನಲ್ಲಿ ಪಾಗಲ್ ಎಂದರೆ ಹಾಗಲಕಾಯಿ. “ಪಾಗಲು ತೆಗ್ದೈತೆ” ಎಂದು ಅವನು ಕಣ್ಣು ಮುಚ್ಚಿ, ಕತ್ತು ಉಬ್ಬಿಸಿ ಹಾಡಿದಾಗ ಮುತ್ತಯ್ಯನಿಗೆ ನಗು ಬಂದುಬಿಟ್ಟಿತು. ತಡೆಯಲು ನೋಡಿದ, ಆಗಲಿಲ್ಲ. “ಅಗಲಕಾಯಿ ಅಲ್ಲಪ್ಪಾ, ಬಾಗ್ಲು, ಬಾಗ್ಲು!” ಎನ್ನುತ್ತ ತಲೆಬಾಗಿಲನ್ನು ತಟ್ಟಿ ತೋರಿಸಿದ. ಅಳಗಮ್ಮಾಳೂ ನಕ್ಕಳು. ಅಷ್ಟು ತಿಂಗಳಲ್ಲಿ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಹುಡುಗ ಕೆಂಪಾಗಿ, ಮತ್ತೆ ಮತ್ತೆ ಹೇಳಿ, ಕೊನೆಗೆ ಸರಿಯಾಗಿ ಹೇಳಿದ. ಮುಂದಿನ ಸಾಲನ್ನು ತಾನೇ ನೆನಪಿನಿಂದ ಎತ್ತಿಕೊಂಡ:

“ಯಾವಾಗ ಬತ್ತೀಯಾ…”

“ಬತ್ತೀಯಾ ಅಲ್ಲ” ಎಂದಳು ಅಳಗಮ್ಮಾಳ್. “ಬತ್ತೀಯಮ್ಮಾ. ಯಾವಾಗ ಬತ್ತೀಯಮ್ಮಾ. ಅದು ಅವ್ಳು ಅವಳಮ್ಮನ್ ಕರೆಯಾ ಪಾಟು ಕಣಪ್ಪಾ. ಚಿಕ್ಕೋಳಿದ್ದಾಗ ಸಾಯಂಕಾಲ ಆಯ್ತೂಂದ್ರೆ ತಟ್ಟೆ ಮುಂದಿಟ್ಕೊಂಡು ಬಾಗ್ಲಾಗೇ ಕೂತಿರೋಳು. ನಾ ಎಷ್ಟ್ ಏಳಿದ್ರೂ ಉಣ್ತಿರ್ಲಿಲ್ಲ.”

ಅಡುಗೆಕೋಣೆಯ ಬಾಗಿಲಲ್ಲಿ ಜೆಯಲಕ್ಷ್ಮಿ ನಿಂತಿದ್ದಳು. ಹಾಡು ಒಂದಿದೆ ಎಂದು ಅವಳಿಗೆ ಗೊತ್ತಿತ್ತು. ಅದು ತನ್ನನ್ನೇ ಕರೆಯುವ ಹಾಡೆಂದು ಗೊತ್ತಿರಲಿಲ್ಲ. ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಆಮೇಲೆ ಬಂದು ಹುಡುಗನ ಎದುರು ನೆಲದ ಮೇಲೆ ಕೂತಳು.

“ಇನ್ನೊಂದ್ ದಪ ಏಳಪ್ಪಾ. ಪೂರಾ ಏಳು.”

ಮನೋಜ್ ಮೆಲ್ಲಗೆ, ವಾದ್ಯವಿಲ್ಲದೆ ಹಾಡಿದ.

“ನಾ ದಿನಾ ಕತ್ತಲಾದ್ ಮ್ಯಾಲೇ ಬತ್ತಿದ್ದೆ” ಎಂದಳು ಜೆಯಲಕ್ಷ್ಮಿ. “ಅವ್ಳು ಉಂಡಿರ್ತಾಳೆ ಅಂದ್ಕೊಂಡಿದ್ದೆ.” ಆಗ ಅತ್ತಳು. ಸಾವಿನ ದಿನ ಅಳದೆ ಉಳಿದಿದ್ದೆಲ್ಲ ಸೇರಿ ಬಂತು. ಮುತ್ತಯ್ಯ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತ. ಮನೋಜ್‌ಕುಮಾರ್ ಯಾವಾಗ ಎದ್ದು ಹೋದನೋ ಇಬ್ಬರಿಗೂ ಗೊತ್ತಾಗಲಿಲ್ಲ.

ಮರುದಿನ ಅವಳು ಜೀಪು ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ಊರ ಹೊರಗಿನ ದ್ರಾಕ್ಷಿ ತೋಟದಲ್ಲಿ ಕೆಲಸ ಹಿಡಿದಳು. ಮಧ್ಯಾಹ್ನ ಕಳೆಯುತ್ತಲೇ ಮನೆಗೆ ಬಂದುಬಿಡಬಹುದು. ಈಗ ಯಾರಿಗೋಸ್ಕರ ಬೇಗ ಬರುತ್ತೀಯ ಎಂದು ಊರಿನ ಯಾರೋ ಕೇಳಿದರಂತೆ. ಮುತ್ತಯ್ಯ ಕೇಳಲಿಲ್ಲ.

ಕಚೇರಿ ಒಂದು ಭಾನುವಾರ ಮಧ್ಯಾಹ್ನ. ಜೆಯಲಕ್ಷ್ಮಿ ಬರುವುದಿಲ್ಲ ಎಂದಳು, ಮುತ್ತಯ್ಯ ಒಬ್ಬನೇ ಬಸ್ಸಿನಲ್ಲಿ ದಿಂಡಿಗಲ್ಲಿಗೆ ಹೋದ. ಸಭಾಂಗಣ ತುಂಬಿತ್ತು. ವೇದಿಕೆಯಲ್ಲಿ ಪಾಂಡೀಶ್ವರಿ ನಿಲ್ಲುತ್ತಿದ್ದ ಜಾಗದಲ್ಲಿ ಬೇರೊಬ್ಬ ಹುಡುಗಿ ಗಿಟಾರ್ ಹಿಡಿದು ನಿಂತಿದ್ದಳು. ಚೆನ್ನಾಗಿಯೇ ನುಡಿಸಿದಳು. ಅದೇ ಅವನಿಗೆ ಕಷ್ಟವಾಯಿತು. ಕೆಟ್ಟದಾಗಿ ನುಡಿಸಿದ್ದರೆ ತಾಳಬಹುದಿತ್ತೇನೋ.

ಕೊನೆಯಲ್ಲಿ ಆ ಹಾಡು ಬಂತು. ಮನೋಜ್ ಒಂದು ಪದವನ್ನೂ ತಪ್ಪಲಿಲ್ಲ. ಅರ್ಥ ತಿಳಿಯದ ನೂರಾರು ಹುಡುಗ ಹುಡುಗಿಯರು ಕೊನೆಯ ಸಾಲನ್ನು ಹಿಡಿದುಕೊಂಡರು. ಫೋನಿನ ದೀಪಗಳನ್ನು ಎತ್ತಿ ಆಡಿಸುತ್ತ, ನಗುತ್ತ, ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಕೂಗಿದರು: ಯಾವಾಗ ಬತ್ತೀಯಮ್ಮಾ, ಯಾವಾಗ ಬತ್ತೀಯಮ್ಮಾ. ಮುಗಿದರೂ ಬಿಡಲಿಲ್ಲ, ಮತ್ತೊಮ್ಮೆ ಎಂದು ಅರಚಿದರು. ಎಷ್ಟೋ ಕಚೇರಿಗಳಲ್ಲಿ ಮುತ್ತಯ್ಯನೂ ಹೀಗೆಯೇ ಅರಚಿದವನು. ಇವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಆದರೆ ಎರಡನೇ ಸಲ ಹಾಡು ಶುರುವಾದಾಗ ಜನರನ್ನು ಸರಿಸಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಗೋಡೆಯಾಚೆಯಿಂದಲೂ ಕೇಳಿಸುತ್ತಲೇ ಇತ್ತು.

ಮನೋಜ್‌ಕುಮಾರ್ ಬೆವರೊರೆಸಿಕೊಳ್ಳುತ್ತ ಹುಡುಕಿಕೊಂಡು ಬಂದ. “ಅಪ್ಪಾ, ಸರಿಯಾಗಿತ್ತಾ?”

“ಸರಿಯಾಗಿತ್ತು” ಎಂದ ಮುತ್ತಯ್ಯ ತಮಿಳಿನಲ್ಲಿ. “ಎಲ್ಲಾ ಊರಲ್ಲೂ ಹಾಡಿ. ಬಿಡಬೇಡಿ. ನನ್ನ ಮಾತ್ರ ಇನ್ನೊಂದು ಸಲ ಕರೀಬೇಡ ಮಗನೇ.”

ಹುಡುಗ ತಲೆ ತಗ್ಗಿಸಿದ. ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ನಡೆದು ಬಂದು ಬಸ್ಸು ಹತ್ತಿಸಿದ.

ಅದೇ ಮುತ್ತಯ್ಯನ ಕೊನೆಯ ಕಚೇರಿ. ಆಮೇಲೆ ಅವನು ನಾಗಸ್ವರಕ್ಕೂ ಹೋಗಲಿಲ್ಲ, ವಾದ್ಯಮೇಳಕ್ಕೂ ಹೋಗಲಿಲ್ಲ. ಜೀಪಿನಲ್ಲಿ ಹೆಂಗಸರು ಅವರವರ ಫೋನಿನಲ್ಲಿ ಸಣ್ಣಗೆ ಹಾಡು ಹಾಕಿಕೊಂಡರೆ ಬೇಡ ಎನ್ನುವುದಿಲ್ಲ, ಅಷ್ಟೇ.

ಕಚೇರಿಯ ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದ ಜೆಯಲಕ್ಷ್ಮಿ ತಲೆ ಎತ್ತದೆ ಕೇಳಿದಳು:

“ಜನ ಬಂದಿದ್ರಾ?”

“ಬಂದಿದ್ರು. ತುಂಬೋಗಿತ್ತು.”

“ಕೇಳಿದ್ರಾ?”

“ಕೇಳಿದ್ರು. ಅವ್ರೂ ಪಾಟು ಏಳಿದ್ರು, ಕೂಡವೇ.”

ಅವಳು ಉರಿಯುವ ಸೌದೆಯನ್ನು ಒಳಕ್ಕೆ ತಳ್ಳಿದಳು. “ಮಗ್ಳು ಇದ್ದಿದ್ರೆ ಸಂದೋಸ ಪಡೋಳು” ಎಂದಳು. ಮುತ್ತಯ್ಯ ಹೂಂ ಎಂದು, ಕಾಫಿ ಲೋಟ ತೆಗೆದುಕೊಂಡು ಹಿತ್ತಲಿಗೆ ಹೋದ. ಜೀಪು ತೆಗೆಯುವ ಹೊತ್ತಾಗಿತ್ತು.