ದೊಡ್ಡಮ್ಮನ ಮದುವೆಗೆ ಗಿಲೀಟಿನ ಸೆಟ್ಟು

ನಮ್ಮಮ್ಮ ಮೂವತ್ತೊಂದು ವರ್ಷ ಹಲ್ಲಿನ ಡಾಕ್ಟರ ಬಳಿ ನರ್ಸಾಗಿದ್ದಳು. ಡಾಕ್ಟರು ಹಲ್ಲು ಕೀಳುತ್ತಾರೆ, ಇವಳು ಭಯ ಕೀಳುತ್ತಾಳೆ ಎಂದು ಅಪ್ಪ ಹೇಳುತ್ತಿದ್ದರು. ಅದು ನಿಜವೇ. ಬಾಯಿ ತೆರೆದು ಕೂತವರು ಉತ್ತರ ಕೊಡಲಾರರು ಎಂದು ಗೊತ್ತಿದ್ದೂ ಅಮ್ಮ ಅವರ ಮಗಳ ಪರೀಕ್ಷೆ, ಸೋರುವ ನಲ್ಲಿ, ಪಕ್ಕದ ಮನೆಯ ನಾಯಿ, ಎಲ್ಲವನ್ನೂ ಒಂದೊಂದಾಗಿ ವಿಚಾರಿಸುತ್ತಿದ್ದಳು. ಅವರು ‘ಆಂ, ಆಂ’ ಎನ್ನುವಷ್ಟರಲ್ಲಿ ಹಲ್ಲು ಬಟ್ಟಲಿಗೆ ಬಿದ್ದಿರುತ್ತಿತ್ತು.

ಕೆಲಸದಿಂದ ನಿವೃತ್ತಳಾದ ಮೇಲೆ ಅವಳಿಗೆ ಕೈಕಾಲು ಕಟ್ಟಿಹಾಕಿದಂತಾಯಿತು. ಮೊದಲ ತಿಂಗಳು ಚೆನ್ನಾಗಿ ನಿದ್ದೆ ಮಾಡಿದಳು. ಎರಡನೆಯ ತಿಂಗಳಿನಿಂದ ತೊಳೆದದ್ದನ್ನೇ ತೊಳೆಯತೊಡಗಿದಳು. ಚಮಚಗಳನ್ನು ಕುದಿಯುವ ನೀರಿಗೆ ಹಾಕಿ, ಚಿಮಟದಲ್ಲಿ ಒಂದೊಂದಾಗಿ ಎತ್ತಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುವಳು. ಟೀ ಸೋಸುವ ಜಾಲರಿಯ ಕಣ್ಣುಗಳನ್ನು ಬೆಳಕಿಗೆ ಹಿಡಿದು ಎಣಿಸುವಳೇನೋ ಎಂಬಂತೆ ನೋಡುವಳು. ಲಿಫ್ಟ್ ಮೆಕ್ಯಾನಿಕ್ಕಾದ ಅಪ್ಪ ಕೆಲಸಕ್ಕೆ ಹೊರಡುವಾಗ ನನ್ನ ಕಿವಿಯಲ್ಲಿ, “ಹುಷಾರಾಗಿರು, ನಿಮ್ಮಮ್ಮ ಒಂದಿನ ನಮ್ಮನ್ನೂ ಕುದಿಸಿಬಿಡ್ತಾಳೆ” ಎನ್ನುತ್ತಿದ್ದರು. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಆಗ ಶಾಲೆಗೆ ರಜೆಯಿತ್ತು, ಹಾಗಾಗಿ ಮುಂದೆ ನಡೆದದ್ದನ್ನೆಲ್ಲ ಕಣ್ಣಾರೆ ನೋಡಿದೆ.

ಒಂದು ಗುರುವಾರ ಬೆಳಿಗ್ಗೆ ದೊಡ್ಡಮ್ಮ ಬಂದಳು. ಅಮ್ಮನಿಗಿಂತ ನಾಲ್ಕು ವರ್ಷ ದೊಡ್ಡವಳು, ಅರವತ್ನಾಲ್ಕು ತುಂಬಿತ್ತು. ಊರಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸದಲ್ಲೇ ಇಡೀ ಆಯುಷ್ಯ ಕಳೆದವಳು. ಮದುವೆಯಾಗಿರಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ, ಯಾರಾದರೂ ಕೇಳಿದರೆ “ಆಗ್ಬೇಕು ಅನ್ನಿಸ್ಲಿಲ್ಲ, ಆಗ್ಲಿಲ್ಲ” ಎನ್ನುತ್ತಿದ್ದಳು. ಅವತ್ತು ಕುರ್ಚಿಯಲ್ಲಿ ಕೂತು ನೀರು ಕುಡಿದು, ಲೋಟ ಕೆಳಗಿಟ್ಟು ಹೇಳಿದಳು:

“ಮುಂದಿನ ಶುಕ್ರವಾರ ನನ್ನ ಮದುವೆ ಕಣೇ. ರಿಜಿಸ್ಟ್ರಾರ್ ಆಫೀಸಲ್ಲಿ, ಹನ್ನೊಂದು ಗಂಟೆಗೆ.”

ಅಮ್ಮ ಒರೆಸುತ್ತಿದ್ದ ಚಮಚ ಕೈಯಿಂದ ಜಾರಿತು. “ಯಾರ ಮದುವೆ?”

“ನಂದೇ. ನಿನ್ನ ಕಿವಿಗೂ ಬ್ರಷ್ ಹಾಕ್ಬೇಕೇನೇ?”

ವರ ಒಬ್ಬ ನಿವೃತ್ತ ಬಸ್ ಡ್ರೈವರು. ಹೆಂಡತಿ ತೀರಿಕೊಂಡು ಹತ್ತು ವರ್ಷವಾಗಿತ್ತು. ದಿನಾ ಗ್ರಂಥಾಲಯಕ್ಕೆ ಬಂದು ಪೇಪರು ಬಿಡಿಸಿಕೊಂಡು ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರಂತೆ. ದೊಡ್ಡಮ್ಮ ದಿನಾ ಹೋಗಿ ಮರದ ಸ್ಕೇಲಿನಿಂದ ಮೇಜು ತಟ್ಟಿ ಎಬ್ಬಿಸುತ್ತಿದ್ದಳಂತೆ. ಮೂರು ವರ್ಷ ಹೀಗೇ ನಡೆಯಿತು. ಕೊನೆಗೊಂದು ದಿನ ಅವರು ಕಣ್ಣುಜ್ಜಿಕೊಂಡು, “ಮೇಡಂ, ದಿನಾ ನೀವೇ ಎಬ್ಬಿಸ್ತೀರಿ. ಮನೇಲೂ ನೀವೇ ಎಬ್ಬಿಸಿದ್ರೆ ಆಗಲ್ವಾ?” ಅಂದರಂತೆ. ದೊಡ್ಡಮ್ಮ ಎರಡು ದಿನ ಯೋಚಿಸಿ, ಮೂರನೆಯ ದಿನ ಸ್ಕೇಲಿನ ಬದಲು ಭುಜ ಮುಟ್ಟಿ ಎಬ್ಬಿಸಿದಳು. ಅಷ್ಟೇ ಮಾತುಕತೆ.

ಅಮ್ಮ ನಗಲೂ ಅಳಲೂ ಆಗದೆ ಅಕ್ಕನನ್ನು ತಬ್ಬಿಕೊಂಡಳು. ಅಷ್ಟರಲ್ಲಿ ದೊಡ್ಡಮ್ಮ ಚೀಲದಿಂದ ಒಂದು ನೀಲಿ ಡಬ್ಬಿ ತೆಗೆದಳು. ಅದನ್ನು ನೋಡುತ್ತಲೇ ಅಮ್ಮ ಎರಡೂ ಕೈ ಚಾಚಿದಳು.

ಅದು ಅಜ್ಜಿಯ ಡಬ್ಬಿ. ಅಜ್ಜಿ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದವಳು. ಬದುಕಿನಲ್ಲಿ ಒಂದು ಗುಲಗಂಜಿಯಷ್ಟೂ ಚಿನ್ನ ಕಂಡವಳಲ್ಲ. ಆದರೆ ಒಂದು ವರ್ಷ ಅಂಗಡಿಯ ಗಾಜಿನ ಹಿಂದೆ ಹಸಿರು ಹರಳಿನ ಗಿಲೀಟು ಸೆಟ್ಟೊಂದನ್ನು ನೋಡಿ ಮನಸೋತು ಕೊಂಡುಬಿಟ್ಟಳು. ಒಂದು ನೆಕ್ಲೇಸು, ಒಂದು ಜೊತೆ ಓಲೆ, ಒಂದು ಬಳೆ. ಅದನ್ನು ಹಾಕಿಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಅಕ್ಕಪಕ್ಕ ಕೂರಿಸಿಕೊಂಡು ಫೋಟೊ ತೆಗೆಸಿದಳು. ಅಮ್ಮನ ಮದುವೆಯ ದಿನ ತನ್ನ ಮೈಮೇಲಿದ್ದ ಸೆಟ್ಟನ್ನು ಬಿಚ್ಚಿ ಅಮ್ಮನಿಗೆ ತೊಡಿಸಿದಳು. ಮರುದಿನ ವಾಪಸು ಇಸಿದುಕೊಂಡು ದೊಡ್ಡ ಮಗಳ ಕೈಗೆ ಕೊಟ್ಟು, “ಇನ್ನು ನಿನ್ನ ಸರದಿ” ಅಂದಳು. ಆ ಸರದಿ ಬರಲು ಮೂವತ್ತಾರು ವರ್ಷ ಹಿಡಿಯಿತು.

ಡಬ್ಬಿ ತೆಗೆದರೆ ಒಳಗೆ ಇದ್ದಿಲಿನಂಥ ಏನೋ ಬಿದ್ದಿತ್ತು. ಸ್ಪಂಜಿನ ಹಾಸು ಪುಡಿಯಾಗಿ ಒಡವೆಗೆ ಅಂಟಿಕೊಂಡಿತ್ತು. ನೆಕ್ಲೇಸಿನ ಕೊಂಡಿಗೆ ಹಸಿರು ಕಿಲುಬು ಹಿಡಿದಿತ್ತು. ಹರಳು ಯಾವುದು, ಕೊಳೆ ಯಾವುದು ಗೊತ್ತಾಗುವಂತಿರಲಿಲ್ಲ.

“ಅಂಗಡಿಗೆ ತಗೊಂಡು ಹೋದೆ ಕಣೇ,” ದೊಡ್ಡಮ್ಮ ಅಂದಳು. “ಅವನು ಮುಟ್ಟಲೂ ಇಲ್ಲ. ‘ಇದನ್ನ ಎಸೆದು ಹೊಸದು ತಗೊಳ್ಳಿ ಅಜ್ಜಿ’ ಅಂದ. ಎಸೆಯೋದಾದ್ರೆ ಅವನನ್ನೇ ಎಸೀಬೇಕು ಅನ್ನಿಸ್ತು.”

ಅಮ್ಮ ಡಬ್ಬಿಯನ್ನು ಕಿಟಕಿಯ ಬಳಿ ಒಯ್ದಳು. ಆರು ತಿಂಗಳಲ್ಲಿ ಮೊದಲ ಸಲ ಅವಳ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ. “ಬಿಟ್ಟು ಹೋಗು,” ಅಂದಳು. “ಬುಧವಾರ ಬಾ.”

ಊಟದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿದಳು. ಕ್ಲಿನಿಕ್ಕಿನವರು ಬೀಳ್ಕೊಡುವಾಗ ಕೊಟ್ಟಿದ್ದ ಭೂತಗನ್ನಡಿಯ ದೀಪ ಹೊರಬಂತು. ಪುಟ್ಟ ಮಕ್ಕಳ ಮೆತ್ತನೆ ಬ್ರಷ್ಷು, ಹತ್ತಿ ಸುತ್ತಿದ ಕಡ್ಡಿ, ಸಣ್ಣ ಚಿಮಟ ಎಲ್ಲ ಸಾಲಾಗಿ ಕೂತವು. ನಾನು ಬ್ರಷ್ಷಿಗೆ ಕೈಹಾಕಿದೆ. ಅವಳು ನನ್ನ ಕೈಮೇಲೆ ಮೆಲ್ಲಗೆ ಹೊಡೆದಳು.

“ಮೊದಲು ನೋಡ್ಬೇಕು, ಆಮೇಲೆ ಮುಟ್ಬೇಕು. ಹಲ್ಲಾದ್ರೂ ಅಷ್ಟೇ, ಹರಳಾದ್ರೂ ಅಷ್ಟೇ.”

ಮೊದಲ ದಿನ ಬರೀ ನೋಡಿದಳು. ಯಾವ ಹರಳು ಸಡಿಲ, ಎಲ್ಲಿ ಚಿನ್ನದ ನೀರು ತೆಳುವಾಗಿದೆ ಎಂದು ಹಾಳೆಯ ಮೇಲೆ ಚಿತ್ರ ಬರೆದು ಗುರುತು ಹಾಕಿದಳು, ಥೇಟು ಹಲ್ಲಿನ ಸಾಲಿನ ಚಿತ್ರದಂತೆ. ಎರಡನೆಯ ದಿನ ಒಣ ಬ್ರಷ್ಷಿನಿಂದ ಸ್ಪಂಜಿನ ಪುಡಿ ತೆಗೆದಳು. ಮೂರನೆಯ ದಿನ ಒರಟು ಸೋಪಿನ ಬದಲು ಮಗುವಿನ ಶಾಂಪೂ ಬೇಕೆಂದು ತರಲು ಹೊರಟಳು.

ಅದು ಶನಿವಾರ, ಅಪ್ಪ ಮನೆಯಲ್ಲಿದ್ದರು. ಇಷ್ಟು ನಿಧಾನವನ್ನು ನೋಡಿ ನೋಡಿ ಅವರಿಗೆ ಕೈ ತುರಿಸುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಹುಟ್ಟಿದ್ದೇ ನಮ್ಮ ಮನೆಯಲ್ಲಿರಬೇಕು. ನಾನು ಸ್ನಾನಕ್ಕೆ ಹೋಗಿದ್ದ ಹತ್ತು ನಿಮಿಷದಲ್ಲಿ ಅವರು ಒಂದು ಓಲೆಯನ್ನು ಟೀ ಕಪ್ಪಿಗೆ ಹಾಕಿ, ಮೇಲೆ ನಿಂಬೆಹಣ್ಣು ಹಿಂಡಿ, ಎರಡು ಚಮಚ ಸೋಡಾಪುಡಿ ಸುರಿದಿದ್ದರು. ಬುರುಬುರು ನೊರೆ ಎದ್ದಿತು. ನೊರೆ ಎದ್ದರೆ ಕೊಳೆ ಬಿಡುತ್ತಿದೆ ಎಂದೇ ಅರ್ಥ ಎಂದು ಖುಷಿಪಟ್ಟು, ಚೆನ್ನಾಗಿ ಉಜ್ಜಿ, ಕಪ್ಪಿನ ನೀರನ್ನು ಸಿಂಕಿಗೆ ಚೆಲ್ಲಿದರು.

ಅಮ್ಮ ಬಂದು ನೋಡಿದಾಗ ಓಲೆ ಹೊಳೆಯುತ್ತಿತ್ತು. ಆದರೆ ಬೆಳ್ಳಗೆ. ಇದ್ದಬದ್ದ ಚಿನ್ನದ ನೀರೆಲ್ಲ ಹೋಗಿ ಒಳಗಿನ ಬಿಳಿ ಲೋಹ ಕಾಣುತ್ತಿತ್ತು. ನಡುವಿನ ದೊಡ್ಡ ಹರಳಿನ ಜಾಗದಲ್ಲಿ ತೂತು.

“ಯಾರು ಮಾಡಿದ್ದು ಇದು?” ಅಮ್ಮ ಕೇಳಿದಳು. ದನಿ ಏರಿಸಲಿಲ್ಲ. ಅದೇ ಭಯ.

“ಲಿಫ್ಟಿನ ಹಿತ್ತಾಳೆ ಬಟನ್ ಹೀಗೇ ಕಣೇ ತಿಕ್ಕೋದು…”

“ಇದು ನಮ್ಮಮ್ಮನ ಓಲೆ ಕಣ್ರೀ. ಲಿಫ್ಟಲ್ಲ.”

ಅಪ್ಪ ಸ್ಪ್ಯಾನರ್ ಹಿಡಿದು ಸಿಂಕಿನ ಕೆಳಗೆ ನುಗ್ಗಿದರು. ಬಾಗಿದ ಕೊಳವೆಯನ್ನು ಬಿಚ್ಚಿ ಬಕೆಟ್ಟಿಗೆ ಸುರಿದರು. ನಾವು ಮೂವರೂ ಬಕೆಟ್ಟಿನ ಸುತ್ತ ಕುಕ್ಕರಗಾಲಿನಲ್ಲಿ ಕೂತು ಕೆಸರನ್ನು ಜಾಲರಿಯಲ್ಲಿ ಸೋಸಿದೆವು. ಒಂದು ಅಂಗಿಯ ಗುಂಡಿ ಸಿಕ್ಕಿತು. ನಾನು ಎಂಟನೆಯ ತರಗತಿಯಲ್ಲಿ ಕಳೆದುಕೊಂಡಿದ್ದ ಕೂದಲ ಕ್ಲಿಪ್ಪು ಸಿಕ್ಕಿತು. ಕಟ್ಟಕಡೆಗೆ ಹಸಿರು ಹರಳು ಸಿಕ್ಕಿತು. ಅಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಮುಖವೆಲ್ಲ ಮಸಿಯಾಗಿದ್ದರೂ, ವಜ್ರ ಗೆದ್ದವರ ಹಾಗೆ ನಕ್ಕರು. ಅಮ್ಮನಿಗೂ ನಗು ತಡೆಯಲಾಗಲಿಲ್ಲ. ಆದರೂ ಮೂರು ದಿನ ಅವರು ಮೇಜಿನ ಹತ್ತಿರ ಸುಳಿಯುವಂತಿಲ್ಲ ಎಂದು ಅಪ್ಪಣೆಯಾಯಿತು.

ಆ ಮೂರು ದಿನ ಅವಳ ಕೆಲಸ ನೋಡುವುದೇ ಒಂದು ಸೊಗಸು. ಉಗುರುಬೆಚ್ಚಗಿನ ನೀರಿಗೆ ಒಂದೇ ಹನಿ ಶಾಂಪೂ. ಒಡವೆಯನ್ನು ನೀರಿಗೆ ಮುಳುಗಿಸುವ ಮಾತೇ ಇಲ್ಲ, ಹರಳಿನ ಹಿಂದೆ ನೀರು ಹೋದರೆ ಅಂಟು ಬಿಡುತ್ತದೆ. ಬ್ರಷ್ಷನ್ನು ಅದ್ದಿ, ಹಿಂಡಿ, ಹರಳಿನ ಸುತ್ತ ಸಣ್ಣ ಸಣ್ಣ ಸುತ್ತು. ಒದ್ದೆ ಬಟ್ಟೆಯಲ್ಲಿ ಒರೆಸು, ಒಣ ಬಟ್ಟೆಯಲ್ಲಿ ಒತ್ತು, ಮುಖ ಕೆಳಗೆ ಮಾಡಿ ಮಲಗಿಸು. ಕೊಂಡಿಯ ಕಿಲುಬಿಗೆ ಮಾತ್ರ ಹತ್ತಿಕಡ್ಡಿಯ ತುದಿಯಲ್ಲಿ ಒಂದಿಷ್ಟು ವಿನೆಗರ್, ಕೂಡಲೇ ಒರೆಸು. ಕೆಲಸ ಮಾಡುತ್ತಾ ಅವಳು ನೆಕ್ಲೇಸಿನ ಜೊತೆಗೂ ಮಾತಾಡುತ್ತಿದ್ದಳು. “ಸ್ವಲ್ಪ ಈ ಕಡೆ ತಿರುಗಿ. ಆಯ್ತು, ಆಯ್ತು, ಇನ್ನೊಂದೇ ನಿಮಿಷ.”

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ನೆಕ್ಲೇಸಿನ ಹರಳುಗಳು ಒಂದೊಂದಾಗಿ ಕಣ್ಣುಬಿಟ್ಟವು. ಎಳೆಹುಲ್ಲಿನ ಬಣ್ಣ. ಅದು ಅಷ್ಟು ತಿಳಿಹಸಿರು ಎಂದು ಅಮ್ಮನಿಗೇ ಮರೆತುಹೋಗಿತ್ತು. ಸಿಂಕಿನಿಂದ ಬಂದ ಹರಳನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಒಂದು ಚುಕ್ಕಿ ಅಂಟಿನ ಮೇಲೆ ಕೂರಿಸಿದಳು. ಬಣ್ಣ ಕಳೆದುಕೊಂಡ ಓಲೆಗೆ ಮಾತ್ರ ಅವಳಲ್ಲಿ ಮದ್ದಿರಲಿಲ್ಲ.

ಬುಧವಾರ ದೊಡ್ಡಮ್ಮ ಬಂದಳು. ಅಮ್ಮ ಟವೆಲಿನ ಮೇಲೆ ಎಲ್ಲವನ್ನೂ ಇಟ್ಟು, ತಪ್ಪು ಒಪ್ಪಿಕೊಳ್ಳುವವಳಂತೆ ನಿಂತಳು. ಅಪ್ಪ ಬಾಗಿಲ ಸಂದಿಯಲ್ಲಿ ನಿಂತಿದ್ದರು.

“ಒಂದು ಓಲೆ ಹಾಳಾಯ್ತು ಅಕ್ಕ. ಬೆಳ್ಳಗಾಗಿಬಿಟ್ಟಿದೆ. ನೀನು ಹೂಂ ಅಂದ್ರೆ ಇನ್ನೊಂದರ ಬಣ್ಣಾನೂ ತೆಗೆದು ಜೋಡಿ ಮಾಡ್ತೀನಿ.”

ದೊಡ್ಡಮ್ಮ ಎರಡೂ ಓಲೆಗಳನ್ನು ತೆಗೆದುಕೊಂಡು ಕನ್ನಡಿಯ ಮುಂದೆ ನಿಂತು, ಎಡಕ್ಕೊಂದು ಬಲಕ್ಕೊಂದು ಹಾಕಿಕೊಂಡಳು. ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿದಳು.

“ನಮ್ಮಮ್ಮನ ಹತ್ರ ಚಿನ್ನಾನೂ ಇರ್ಲಿಲ್ಲ, ಬೆಳ್ಳೀನೂ ಇರ್ಲಿಲ್ಲ,” ಕೊನೆಗೆ ಅಂದಳು. “ಈಗ ನೋಡು, ಎರಡೂ ಆಯ್ತು. ಮುಟ್ಟಬೇಡ, ಹೀಗೇ ಇರ್ಲಿ.”

“ಜನ ನಗಲ್ವೇನೇ?”

“ಅರವತ್ನಾಲ್ಕಕ್ಕೆ ಮದುವೆ ಆಗ್ತಿದ್ದೀನಿ. ನಗೋರಿಗೆ ಓಲೆಯೇ ಬೇಕಾ?”

ಅಪ್ಪ ಬಾಗಿಲ ಸಂದಿಯಿಂದ ಈಚೆ ಬಂದರು. “ನಾನು ಮೊದಲೇ ಹೇಳ್ದೆ ಅತ್ತಿಗೆ, ಇದು ಹೊಸ ಫ್ಯಾಷನ್ನು ಅಂತ.” ಅಮ್ಮ ಅವರತ್ತ ಒಮ್ಮೆ ನೋಡಿದಳು. ಅವರು ಟೀ ಮಾಡಲು ಹೋದರು.

ಶುಕ್ರವಾರ ಹನ್ನೊಂದು ಗಂಟೆಗೆ ನಾವೆಲ್ಲ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲಿದ್ದೆವು. ಡ್ರೈವರು ಅಂಗಿಗೆ ಎಷ್ಟು ಇಸ್ತ್ರಿ ಹಾಕಿದ್ದರೆಂದರೆ ತೋಳು ಮಡಚಲು ಕಷ್ಟಪಡುತ್ತಿದ್ದರು. ದೊಡ್ಡಮ್ಮ ತಿಳಿಹಳದಿ ಸೀರೆಯುಟ್ಟು ಒಳಗೆ ಬಂದಾಗ ಅವರು ಎದ್ದು ನಿಂತು ಅವಳ ಒಂದು ಕಿವಿ, ಇನ್ನೊಂದು ಕಿವಿ ನೋಡಿದರು.

“ಒಂದು ಕಡೆ ಚಿನ್ನ, ಒಂದು ಕಡೆ ಬೆಳ್ಳಿ,” ದೊಡ್ಡಮ್ಮ ಅಂದಳು. “ಎರಡೂ ಸುಳ್ಳು. ಯಾವ ಕಡೆ ಕೂರ್ತೀರಿ?”

“ಡ್ರೈವರ್ ಸೀಟು ಯಾವ ಕಡೆಯೋ ಆ ಕಡೆ.”

“ಆ ಸೀಟು ನಂದು. ನೀವು ನಿದ್ದೆ ಮಾಡ್ತೀರಿ.”

ಬೆಂಚಿನ ಮೇಲಿದ್ದ ಬೇರೆ ಎರಡು ಮದುವೆಗಳ ಜನವೂ ನಕ್ಕರು. ರುಜು ಹಾಕಿಸುತ್ತಿದ್ದ ಗುಮಾಸ್ತೆ ಮಾತ್ರ ಗಂಟುಮುಖದವಳು, ತಲೆಯೆತ್ತದೆ “ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ” ಎನ್ನುತ್ತಿದ್ದಳು. ದೊಡ್ಡಮ್ಮ ಬಾಗಿ ಹೆಸರು ಬರೆಯುವಾಗ ನೆಕ್ಲೇಸು ಮುಂದಕ್ಕೆ ಜೋತು, ಕಿಟಕಿಯ ಬಿಸಿಲು ಅದರ ಮೇಲೆ ಬಿತ್ತು. ಹಾಳೆಯ ತುಂಬ ಹಸಿರು ಚುಕ್ಕಿಗಳು ಕುಣಿದವು. ಗುಮಾಸ್ತೆಯ ಬೆರಳು ಅಲ್ಲೇ ನಿಂತಿತು.

“ಇದನ್ನ ಎಲ್ಲಿ ಪಾಲಿಶ್ ಮಾಡಿಸಿದ್ರಿ?”

“ನನ್ನ ತಂಗಿ ಮಾಡಿದ್ದು. ಮನೇಲಿ.”

ಗುಮಾಸ್ತೆ ಅತ್ತಿತ್ತ ನೋಡಿ, ತನ್ನ ಕೈಯಿಂದ ಕಪ್ಪಾದ ಬಳೆಯೊಂದನ್ನು ಬಿಚ್ಚಿ ಅಮ್ಮನ ಮುಂದಿಟ್ಟಳು. “ನಮ್ಮತ್ತೆ ಕೊಟ್ಟಿದ್ದು. ಆಗುತ್ತಾ ನೋಡಿ, ಪ್ಲೀಸ್.”

ಅಮ್ಮ ಕನ್ನಡಕ ಏರಿಸಿ ಬಳೆಯನ್ನು ಬೆಳಕಿಗೆ ಹಿಡಿದಳು. ಅಕ್ಕನ ಮದುವೆ ನಡೆಯುತ್ತಿದೆ ಎಂಬುದು ಆ ಒಂದು ನಿಮಿಷ ಅವಳಿಗೆ ನೆನಪಿರಲಿಲ್ಲ. ಸಾಕ್ಷಿಯ ರುಜು ಹಾಕಲು ಮೂರು ಸಲ ಕರೆಯಬೇಕಾಯಿತು.

ಗುಮಾಸ್ತೆಯ ಬಳೆ ಮರಳಿ ಹೋದ ವಾರವೇ ಆ ಆಫೀಸಿನಿಂದ ಇನ್ನೂ ನಾಲ್ವರು ಬಂದರು. ಆಮೇಲೆ ಅವರ ಅಕ್ಕತಂಗಿಯರು. ಆಮೇಲೆ ಅಮ್ಮ ಕೆಲಸಕ್ಕಿದ್ದ ಕ್ಲಿನಿಕ್ಕಿನ ಡಾಕ್ಟರೇ ತಮ್ಮ ಮುತ್ತಿನ ಬ್ರೋಚು ಹಿಡಿದುಕೊಂಡು ಬಂದು ಮೇಜಿನ ಮುಂದೆ ರೋಗಿಯ ಹಾಗೆ ಕೂತರು. ಈಗ ವಾರಕ್ಕೆ ಮೂರು ಮಧ್ಯಾಹ್ನ ನಮ್ಮ ಊಟದ ಮೇಜು ನಮಗೆ ಸಿಗುವುದಿಲ್ಲ. ಅಮ್ಮ ಕೆಲವನ್ನು ತಾನೇ ಮಾಡುತ್ತಾಳೆ, ಕೆಲವನ್ನು ಬಂದವರ ಕೈಯಿಂದಲೇ ಮಾಡಿಸುತ್ತಾಳೆ. “ಬ್ರಷ್ಷಿಗೆ ಬಲ ಬೇಡಮ್ಮ, ತಾಳ್ಮೆ ಬೇಕು. ಸೆಂಟು ಹೊಡ್ಕೊಂಡ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಹಾಕ್ಕೊಳ್ಳಿ. ಬಿಚ್ಚಿದ ಮೇಲೆ ಒಣ ಬಟ್ಟೇಲಿ ಒರೆಸಿ ಇಡಿ, ಬಚ್ಚಲುಮನೇಲಿ ಇಡಬೇಡಿ.” ಕೈ ತನ್ನ ಪಾಡಿಗೆ ಓಡುತ್ತದೆ, ಬಾಯಿ ತನ್ನ ಪಾಡಿಗೆ ಊರ ಸಮಾಚಾರ ವಿಚಾರಿಸುತ್ತದೆ. ಈ ಸಲ ಎದುರು ಕೂತವರು ಉತ್ತರ ಕೊಡಬಲ್ಲರು, ಹಾಗಾಗಿ ಗದ್ದಲ ಹೇಳತೀರದು. ಹೊಸ ಮದುಮಗಳೂ ಗಂಡನನ್ನು ಕರೆದುಕೊಂಡು ಬಂದು ಸೇರುತ್ತಾಳೆ.

ಕಳೆದ ತಿಂಗಳು ಒಬ್ಬಾಕೆ ಬಂದರು. ಅಂಚೆ ಹಂಚುತ್ತಿದ್ದವರು, ಈಗ ಎಪ್ಪತ್ತರ ಹತ್ತಿರ. ಚೀಲದಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಲೋ ಬೇಡವೋ ಎಂದು ಹಿಂಜರಿದರು. ಒಳಗೆ ಒಂದು ಪದಕ. ಹುಡುಗಿಯಾಗಿದ್ದಾಗ ಓಟದಲ್ಲಿ ಗೆದ್ದದ್ದಂತೆ. ಕರ್ರಗಾಗಿ ಮೇಲೆ ಒಂದಕ್ಷರವೂ ಕಾಣುತ್ತಿರಲಿಲ್ಲ.

“ಇದು ಒಡವೆ ಅಲ್ಲ, ಗೊತ್ತು. ಮೊಮ್ಮಗಳು ಇದನ್ನ ಬಾಟ್ಲಿ ಮುಚ್ಚಳ ಅಂತಾಳೆ. ನಾನು ಮೊದಲನೇ ಸ್ಥಾನ ಬಂದಿದ್ದೆ ಅಂದ್ರೆ ನಂಬೋದೇ ಇಲ್ಲ.”

“ಕೂತ್ಕೊಳ್ಳಿ ಅಮ್ಮ,” ಅಂದಳು ಅಮ್ಮ, “ನಂಬಿಸೋಣ.”

ಒಂದೂವರೆ ಗಂಟೆ ಹಿಡಿಯಿತು. ಮೇಜಿನ ಸುತ್ತ ಇದ್ದವರೆಲ್ಲ ತಮ್ಮ ತಮ್ಮ ಸರ ಬಳೆ ಬಿಟ್ಟು ಬಗ್ಗಿ ನೋಡುತ್ತಿದ್ದರು. ಮೊದಲು ಓಡುವ ಹುಡುಗಿಯೊಬ್ಬಳ ಕಾಲು ಕಾಣಿಸಿತು, ಆಮೇಲೆ ಜಡೆ. ಅಂಚಿನ ಸುತ್ತ ಬ್ರಷ್ಷು ಹೋದಾಗ ಅಕ್ಷರಗಳು ಒಂದೊಂದೇ ಎದ್ದವು. ದೊಡ್ಡಮ್ಮ ಗಟ್ಟಿಯಾಗಿ ಓದಿದಳು: “ನಾನೂರು ಮೀಟರ್. ಪ್ರಥಮ.” ಎಲ್ಲರೂ ಚಪ್ಪಾಳೆ ತಟ್ಟಿದೆವು.

ಆಕೆ ಪದಕವನ್ನು ಪೊಟ್ಟಣಕ್ಕೆ ಹಾಕಲಿಲ್ಲ. ಅಮ್ಮ ಕೊಟ್ಟ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು, ಎಲ್ಲರ ಕೈಹಿಡಿದು ಹೋಗಿಬರ್ತೀನಿ ಎಂದು ಹೇಳಿ ಹೊರಟರು. ನಾನು ಲಿಫ್ಟಿನ ಬಟನ್ ಒತ್ತಲು ಹೋದರೆ ಅವರು ಆಗಲೇ ಮೆಟ್ಟಿಲ ಕಡೆ ತಿರುಗಿದ್ದರು. ಮೂರು ಮಹಡಿ. ಅಮ್ಮ ಕಟಾಂಜನದಿಂದ ಬಗ್ಗಿ “ನಿಧಾನ, ನಿಧಾನ!” ಎಂದು ಕೂಗುತ್ತಿದ್ದಳು. ಕೆಳಗಿನಿಂದ ಚಪ್ಪಲಿಯ ಪಟಪಟ ಸದ್ದೂ, ಅದರ ಹಿಂದೆಯೇ ಜೋರು ನಗುವೂ ಕೇಳಿಬಂತು.