ಸಿದ್ದಾಪುರದ ದಾರಿಯಲ್ಲಿ ಒಂದು ಗುಳಿಗೆ

ಬೆಳಿಗ್ಗೆ ಆರಕ್ಕೆ ಯಲಬುರ್ಗಾದಿಂದ ಹೊರಟೆವು. ಸಿದ್ದಾಪುರದಲ್ಲಿ ನನ್ನ ಹೆಂಡತಿಯ ತಂಗಿಯ ಮಗಳ ಕುಬಸ. ಬಸುರಿಯ ಉಡಿ ತುಂಬಲು ಹೊರಟ ನಮ್ಮಾಕೆ ಹೋಳಿಗೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಡಿಗೆ ಜೀಪಿನ ಮುಂದೆಯೇ ಕುಳಿತಳು. ಜೀಪಿನ ಮಾಬುಸಾಬ ಕುಷ್ಟಗಿಯವನು, ಹಿಂದಿನ ರಾತ್ರಿಯೇ ಬಂದು ನಮ್ಮ ಪಡಸಾಲೆಯಲ್ಲಿ ಮಲಗಿದ್ದ. "ಹೊಸ ಜಾಗಾರಿ ಮಾಸ್ತರ, ನಿದ್ದಿ ಹತ್ತವಲ್ದು" ಎಂದಾಗ, ಡಾಕ್ಟರು ನನಗೆ ಬರೆದುಕೊಟ್ಟಿದ್ದ ನಿದ್ರೆ ಗುಳಿಗೆಯಲ್ಲಿ ಒಂದನ್ನು ನಾನೇ ಕೊಟ್ಟಿದ್ದೆ. ಗಾಡಿ ಹೊಡೆಯುವವನಿಗೆ ಚೆನ್ನಾಗಿ ನಿದ್ದೆಯಾಗಲಿ ಎಂಬುದು ನನ್ನ ಜಾಣತನ.

ಹೊರಡುವ ಮುನ್ನ ಅವನು ಪದ್ಧತಿಯಂತೆ ಮುಂದಿನ ಗಾಲಿಯೆದುರು ನಿಂಬೆಹಣ್ಣು ಇಟ್ಟ. ಜೀಪು ಮುಂದೆ ಹೋಯಿತು, ಹಣ್ಣು ಹಾಗೇ ಉಳಿಯಿತು.

"ಇಷ್ಟು ವರ್ಷದಾಗ ಹಿಂಗ ತಪ್ಪಿದ್ದಿಲ್ರಿ" ಎಂದು ಅವನು ನಕ್ಕ. ನಾನೂ ನಕ್ಕೆ.

ಕೊಪ್ಪಳದಲ್ಲಿ ಮಿರ್ಚಿ, ಚಹಾ ಆಯಿತು. ಮಾಬುಸಾಬ ಕಪ್ಪನ್ನು ಬಸಿಯ ಅಂಚಿಗೆ ಇಟ್ಟು ಅಂಗಿಯ ಮೇಲೆಲ್ಲ ಚೆಲ್ಲಿಕೊಂಡ.

"ನಿದ್ದಿ ಆತಿಲ್ಲೋ?" ಎಂದೆ.

"ಭಾಳ ಛಲೋ ಆತ್ರಿ. ಒಮ್ಮಿನೂ ಎಚ್ಚರಾಗಿಲ್ಲ."

ಹಿಟ್ನಾಳದ ಹತ್ತಿರ ಎದುರಿನ ಲಾರಿ ನಿಂತಾಗ ಅವನ ಕಾಲು ಬ್ರೇಕಿಗೆ ಒಂದು ಕ್ಷಣ ತಡವಾಗಿ ಹೋಯಿತು. ಕಣ್ಣು ಅಗಲವಾಗಿ ತೆರೆದೇ ಇದ್ದವು, ಒಂದು ಆಕಳಿಕೆ ಕೂಡ ಇಲ್ಲ. ಹಾಗಾಗಿ ನನಗೆ ಸಂಶಯವೇ ಬರಲಿಲ್ಲ. ಗಂಗಾವತಿ ದಾಟಿದ ಮೇಲೆ ಎರಡೂ ಕಡೆ ಭತ್ತದ ಗದ್ದೆ, ತಂಪು ಗಾಳಿ.

ಸಿದ್ದಾಪುರಕ್ಕೆ ಸ್ವಲ್ಪ ಮೊದಲು ದಾರಿ ಎಡಕ್ಕೆ ಹೊರಳುತ್ತದೆ. ಜೀಪು ಹೊರಳಲಿಲ್ಲ.

"ಮಾಬಣ್ಣಾ, ಕಾಲುವಿ" ಎಂದಳು ನಮ್ಮಾಕೆ.

ಅವನು ಬ್ರೇಕ್ ಒತ್ತುವಷ್ಟರಲ್ಲಿ ಮುಂದಿನ ಗಾಲಿಯೊಂದು ದಂಡೆಯಾಚೆ ತೂಗಾಡುತ್ತಿತ್ತು. ಕೆಳಗೆ ಕಾಲುವೆ ತುಂಬಿ ಹರಿಯುತ್ತಿತ್ತು. ಹೋಳಿಗೆ ಬುಟ್ಟಿ ನೀರುಪಾಲಾಯಿತು. ನಾನು ಹಿಂದಿನಿಂದ ಅವಳ ರಟ್ಟೆ ಹಿಡಿದು ಸೀಟಿನ ಮೇಲಿಂದ ಎಳೆದುಕೊಂಡೆ. ಗದ್ದೆಯಲ್ಲಿದ್ದವರು ಟ್ರ್ಯಾಕ್ಟರ್ ತಂದು ಜೀಪು ಎಳೆದರು. 

ಊರು ಸೇರಿದ ಮೇಲೆ ಔಷಧಿ ಅಂಗಡಿಯವನಿಗೆ ಗುಳಿಗೆ ತೋರಿಸಿ ನಡೆದದ್ದನ್ನು ಹೇಳಿದೆ.

"ಎಷ್ಟು ಗಂಟೆಕ್ಕ ಕೊಟ್ರಿ?"

"ಹನ್ನೆರಡಕ್ಕ."

"ನಿದ್ದಿ ಹರೀತಂದ್ರ ಗುಳಿಗಿ ಅಮಲೂ ಹರೀತು ಅಂತಲ್ರಿ. ಕಣ್ಣು ತೆರದಿರ್ತಾವ, ಕೈಕಾಲು ತಡಾ ಮಾಡ್ತಾವ. ಗಟ್ಟಿಮುಟ್ಟ ಆಳಿಗೂ ಹಂಗ ಆಗತೈತಿ."

 ನಮ್ಮಾಕೆಯನ್ನು ಕಾಲುವೆಯ ಬಾಯಿಗೆ ಒಯ್ದವನು ನಾನೇ.

ಕುಬಸದ ಮನೆಯ ಕಟ್ಟೆಯ ಮೇಲೆ ಕುಳಿತು ಮಾಬುಸಾಬ, "ನಿಂಬಿಹಣ್ಣು ತಪ್ಪಿದಾಗ ನಾನ ತಿಳೀಬೇಕಿತ್ತು, ತಪ್ಪು ನಂದ ಐತಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನಾನು ಎಲ್ಲರೆದುರೇ ಗುಳಿಗೆಯ ವಿಷಯ ಹೇಳಿದೆ. ಅವನು ನನ್ನ ಕಡೆ ತಿರುಗಿದ.

"ಸಾಲಿ ಕಲಿಸಾವ್ರು ಕೊಟ್ರಂತ ತಗೊಂಡ್ನಿರಿ ಮಾಸ್ತರ."



ಮರುದಿನ ಸಂಜೆ ಅವನೇ ನಮ್ಮನ್ನು ಯಲಬುರ್ಗಾಕ್ಕೆ ತಂದುಬಿಟ್ಟ. ಬಾಗಿಲ ಮುಂದೆ ಆ ನಿಂಬೆಹಣ್ಣು ಇನ್ನೂ ಬಿದ್ದಿತ್ತು, ಹಿಂದಿನ ದಿನದ ಗಾಲಿಯ ಗುರುತಿನಿಂದ ಒಂದು ಗೇಣು ಆಚೆ. ಹೊರಡುವ ಮೊದಲೇ ಅವನ ಕೈ ಅಷ್ಟು ತಪ್ಪಿತ್ತು. ನಾನು ನಕ್ಕಿದ್ದೆ.