ಕಲ್ಲಿನ ಕೆಳಮೈ ಬಿಸಿಲು ಕಂಡ ದಿನ

ನಮ್ಮ ಪ್ರೊಫೆಸರರನ್ನು ನೆನೆದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ. ನನ್ನನ್ನು ನೆನೆದರೂ ಅಷ್ಟೇ, ಆದರೆ ಮೊದಲು ಅವರ ವಿಷಯ.

ಆಗ ನಾನು ರಾಯಚೂರಿನ ಕಾಲೇಜೊಂದರಲ್ಲಿ ಅವರ ಕೈಕೆಳಗೆ ಭೂವಿಜ್ಞಾನದ ಅತಿಥಿ ಉಪನ್ಯಾಸಕ. ಅರಕೇರಾ ಕಡೆಯ ಹಳ್ಳಿಯೊಂದರ ಕೂಲಿಕಾರರ ಓಣಿಯಿಂದ ಒಬ್ಬ ಅಜ್ಜ ನಮ್ಮನ್ನು ಹುಡುಕಿಕೊಂಡು ಬಂದ. ಅವರ ಸ್ಮಶಾನದ ಗೋರಿಗಳ ಮೇಲೆ ಚಪ್ಪಡಿ ಕಲ್ಲುಗಳಿದ್ದವು. ಪಕ್ಕದ ಹೊಲದವನು, ಇವೆಲ್ಲ ಈಚೆಗೆ ತಂದು ಹಾಕಿದ ಕಲ್ಲು, ಜಾಗ ನನ್ನದು ಎಂದು ತಕರಾರು ತೆಗೆದಿದ್ದ. ಕಲ್ಲುಗಳು ಹಳೆಯ ಕಾಲದವು ಎಂದು ತೋರಿಸದಿದ್ದರೆ ಸ್ಮಶಾನ ಕೈಬಿಟ್ಟು ಹೋಗುತ್ತಿತ್ತು.

"ಕಲ್ಲೇ ಸಾಕ್ಷಿ ಹೇಳ್ತದ" ಎಂದರು ಪ್ರೊಫೆಸರರು. ಅದು ಸುಳ್ಳಲ್ಲ. ಕಲ್ಲಿನ ಕಣಗಳು ಕತ್ತಲಲ್ಲಿದ್ದಷ್ಟು ಕಾಲವೂ ಸುತ್ತಲಿನ ಮಣ್ಣಿನ ಸಹಜ ವಿಕಿರಣದ ಶಕ್ತಿಯನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಅವುಗಳ ಮೇಲೆ ಬೆಳಕು ಬಿಟ್ಟರೆ ಮಿಣುಕುತ್ತವೆ. ಆ ಮಿಣುಕನ್ನು ಅಳೆದರೆ ಕೆಳಮೈ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ತಿಳಿಯುತ್ತದೆ. ಆದರೆ ಎತ್ತುವಾಗ ಬಿಸಿಲು ತಾಗಿತೋ, ಎಲ್ಲ ಅಳಿಸಿಹೋಯಿತು. ಅದಕ್ಕೇ ದಪ್ಪ ಹೊದಿಕೆಯ ಕೆಳಗೆ ಕಲ್ಲು ಮಗುಚಿ, ಅಲ್ಲೇ ಕರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕು. ಇದನ್ನು ನನಗೆ ಕಲಿಸಿದವರೂ ಅವರೇ.

ಓಣಿಯವರು ಒಂದೇ ಕಲ್ಲು ಎತ್ತಲು ಒಪ್ಪಿದ್ದರು. "ಇದು ನಮ್ಮ ಮುತ್ಯಾನ ಗೋರಿ ಐತ್ರೀ. ಉಳಿದವಕ್ಕ ಕೈ ಹಚ್ಚಬ್ಯಾಡ್ರಿ" ಎಂದ ಅಜ್ಜ. ನಾವು ಒಯ್ದ ತಾಡಪತ್ರಿ ಹರಿದು ಬೆಳಕು ಸೋರುತ್ತಿತ್ತು. ಅಜ್ಜ ಮನೆಮನೆಯಿಂದ ಕಂಬಳಿ ತರಿಸಿ ನಾಲ್ಕು ಪದರ ಹೊದಿಸಿದ. "ಬರ್ರಿ ಸರ, ನೀವೂ ನಾನೂ ಒಳಗ ಹೋಗೂಣು" ಎಂದು ಮಂಡಿಯೂರಿದ.

ಪ್ರೊಫೆಸರರು ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಮೂಗು ಮುಚ್ಚಿಕೊಂಡರು. ನನ್ನ ಕಡೆ ತಿರುಗಿ ಮೆಲ್ಲಗೆ, "ಇವ್ರ ಕಂಬಳ್ಯಾಗ, ಇವ್ರ ಮೈಗೆ ಮೈ ಹಚ್ಚಿ ಕೂಡ್ಲೇನು? ಮನ್ಯಾಗ ಪೂಜಿ ಮಾಡಾಂವ ನಾ" ಎಂದರು. ಆಮೇಲೆ ದೊಡ್ಡ ದನಿಯಲ್ಲಿ, "ಕಂಬಳಿ ತೆಗೀರಿ. ಸ್ವಲ್ಪ ಬಿಸಲಿಗೆ ಏನೂ ಆಗಂಗಿಲ್ಲ" ಎಂದರು. ನಾಲ್ಕು ಜನ ಹಾರೆ ಹಾಕಿ ಕಲ್ಲು ಮಗುಚಿದರು. ಪ್ರೊಫೆಸರರು ಅದರ ಕೆಳಮೈ ತೊಳೆಸಿ, ಒಣಗಲೆಂದು ಮಧ್ಯಾಹ್ನದ ಬಿಸಿಲಿಗೆ ಇಡಿಸಿ, ಬೇವಿನ ನೆರಳಲ್ಲಿ ಊಟದ ಡಬ್ಬಿ ಬಿಚ್ಚಿದರು. ರೊಟ್ಟಿ, ಎಣ್ಣೆಗಾಯಿ, ಮೊಸರು, ಎಲ್ಲ ಸಾವಕಾಶ. ಕೊನೆಗೊಂದು ತೇಗು.

ನಾನೇ ಒಳಗೆ ಹೋಗಬಹುದಿತ್ತು. ಮಾನ್ವಿಯ ಇಂಥದೇ ಓಣಿಯಲ್ಲಿ ತಾತನ ಕಂಬಳಿಯೊಳಗೆ ಮಲಗಿ ಬೆಳೆದವನು ನಾನು. ಆ ವಾಸನೆ ನನಗೆ ಮನೆಯದು. ಆದರೆ ಹೋದರೆ ಪ್ರೊಫೆಸರರು "ನೀ ಯಾ ಪೈಕಿಯೋ?" ಎಂದು ಜಾತಿ ಕೇಳಿಯಾರೆಂದು ಅಂಜಿದೆ. ಅಲ್ಲಿಯವರೆಗೆ ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಅವರ ಪಕ್ಕದಲ್ಲೇ ಕೂತು ನಾನೂ ಉಂಡೆ. ಥೂ!

ಕೆಲವು ತಿಂಗಳ ಮೇಲೆ, ಆ ಕೆಳಮೈಯ ಚೂರು ಕಳಿಸಿದ್ದ ದೂರದ ಪ್ರಯೋಗಾಲಯದಿಂದ ವರದಿ ಬಂತು. ಕಲ್ಲಿನ ಕೆಳಮೈ ಬೆಳಕು ಕಂಡದ್ದು ತೀರ ಈಚೆಗೆ ಎಂದು ಅದರಲ್ಲಿತ್ತು. ಹೊಲದವನು ಅದರ ನಕಲು ಹಿಡಿದು ಊರೆಲ್ಲ ತಿರುಗಿದನಂತೆ. "ವಿಜ್ಞಾನ ಯಾರ ಮುಖಾನೂ ನೋಡಂಗಿಲ್ಲ" ಎಂದರು ನಮ್ಮ ಪ್ರೊಫೆಸರರು, ಒಂದಿಷ್ಟೂ ನಾಚದೆ.

ಅಜ್ಜ ಬಸ್ಸು ಹತ್ತಿ ರಾಯಚೂರಿಗೆ ಬಂದ. ಪ್ರೊಫೆಸರರು ತರಗತಿಯಲ್ಲಿದ್ದರು. ವರದಿಯನ್ನು ನಾನೇ ಓದಿ ಹೇಳಿದೆ.

"ಅವತ್ತ ನೀವು ಬಿಸಲಿಗೆ ಇಟ್ರಲ್ಲ, ಅದನ್ನ ಹೇಳಾಕತ್ತದ ಕಲ್ಲು" ಎಂದ ಅಜ್ಜ. ಅವನಿಗೆ ತಿಳಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ. "ಹಂಗಂತ ಬರದು ಕೊಡ್ರಿ ಸರ."

ಬರೆದೆ. ಮಾದರಿ ತೆಗೆಯುವಾಗ ನಮ್ಮ ನಿರ್ಲಕ್ಷ್ಯದಿಂದ ಕಲ್ಲಿಗೆ ಬಿಸಿಲು ತಾಗಿದೆ, ಈ ವರದಿಯನ್ನು ನಂಬುವಂತಿಲ್ಲ ಎಂದು ಬರೆದು, ಸಹಿ ಹಾಕಿ, ಅವನಿಗೆ ಓದಿ ಹೇಳಿದೆ. ಎದೆಯ ಭಾರ ಇಳಿಯಿತು ಅಂದುಕೊಂಡೆ.

ಅಜ್ಜ ಕಾಗದ ಮುಟ್ಟಲಿಲ್ಲ. "ಯಾಕ ಬಿಸಲಿಗೆ ತಗದ್ರು ಅನ್ನೋದು ಬರೀಲಿಲ್ಲಲ್ರೀ" ಎಂದ. "ಅವ್ರು ಮೆಲ್ಲಗ ಅಂದ್ರೂ ನನಗ ಕೇಳಿಸಿತ್ತು."

ನಾನು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. "ಇಷ್ಟ ಸಾಕಾಗ್ತದ, ಯಪ್ಪಾ" ಎಂದು ಕಾಗದವನ್ನು ಮಡಚಿ ಅವನ ಕೈಯಲ್ಲಿಟ್ಟೆ.